ಮೂಲ ಇಲ್ಲ, ಮನೆತನ ದೊಡ್ಡದು

ಮಾರ್ಚ್ 4, ಸೋಮವಾರ

ಸಾಹಿತ್ಯದಲ್ಲಿ ಎಂ.ಎ. ಮಾಡಿ ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತವನಿಗೆ ಕೊನೆಗೂ ಕೆಲಸ ಸಿಕ್ಕಿತು. ಆಸ್ಪತ್ರೆಯ ದಾಖಲೆ ವಿಭಾಗ. ಇಂಗ್ಲಿಷ್ ಫಾರಂಗಳನ್ನು ಜನರ ಮಾತಿಗೆ ತರುವುದು. ನನ್ನ ಮೊದಲ ಕೃತಿ ಐವತ್ತು ದಾಟಿದ ಗಂಡಸರಿಗಾಗಿ ಮೂತ್ರ ವಿಭಾಗದವರು ನಡೆಸುವ ಪ್ರಾಸ್ಟೇಟ್ ತಪಾಸಣೆಯ ಫಾರಂ. ಒಂದೇ ಹಾಳೆ.

ನನ್ನ ಮೇಲಿನವರನ್ನು ಎಲ್ಲರೂ ಸೀಲು ಸಾರ್ ಅನ್ನುತ್ತಾರೆ. ಕೈಯಲ್ಲಿ ಸದಾ ಮೊಹರು. ಅವರು ಸೀಲು ಒತ್ತದೆ ಬಿಟ್ಟದ್ದು ಅವರ ಹಣೆಯೊಂದನ್ನೇ.

"ಸಾಹಿತಿಗಳೇ, ಪ್ರಾಸ ಗೊತ್ತಲ್ಲ ನಿಮಗೆ? ಇದು ಪ್ರಾಸ್ಟೇಟು. ಒಂದಕ್ಷರ ಜಾಸ್ತಿ, ಅಷ್ಟೇ" ಅಂದರು. ತಾವೇ ನಕ್ಕರು. ಪ್ರಾಸವನ್ನು ಯಾರೂ ಕತ್ತರಿಸಿ ತೆಗೆಯುವುದಿಲ್ಲ ಸಾರ್ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳದೆ ಉಳಿದದ್ದನ್ನು ಹಾಕಿಡುವುದಕ್ಕೇ ಈ ಪುಸ್ತಕ ಇರುವುದು.

ಸಂಜೆಯೊಳಗೆ ಮುಗಿಸಿದೆ. ಎರಡು ಕಡೆ ಮಾತ್ರ ತಡವರಿಸಿದೆ. ರೋಗಿಯ ಜನಾಂಗ ಯಾವುದು, ಪೂರ್ವಿಕರು ಯಾವ ನಾಡಿನವರು ಎಂದು ಕೇಳುವಲ್ಲಿ ಇದ್ದ ಜಾಗ ಬೆರಳಗಲ. 'ಮೂಲ' ಎಂದು ಹಾಕಿದೆ. ಎರಡೇ ಅಕ್ಷರ, ಬಾವಿಯಷ್ಟು ಆಳ. ರಕ್ತಸಂಬಂಧದಲ್ಲಿ ಯಾರಿಗೆ ಕಾಯಿಲೆ ಇತ್ತು ಎಂದು ಕೇಳುವಲ್ಲಿ 'ಕುಟುಂಬ' ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ಆ ಪದಕ್ಕೆ ಸರ್ಕಾರಿ ಚೀಟಿಯ ವಾಸನೆ. 'ಮನೆತನದ ಚರಿತ್ರೆ' ಎಂದು ಬರೆದೆ. ಓದಿಕೊಂಡಾಗ ನನಗೇ ನನ್ನ ಮೇಲೆ ಗೌರವ ಬಂತು.

ಮಾರ್ಚ್ 8, ಶುಕ್ರವಾರ

ನಲವತ್ತೊಂದು ಫಾರಂ ತುಂಬಿ ಬಂದವು. ಮೂತ್ರ ವಿಭಾಗದ ಡಾಕ್ಟರಮ್ಮ ಕರೆಸಿದರು. ಮೋಟು ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಗಂಡಸರು ಅವರ ಕೋಣೆಯ ಬಾಗಿಲವರೆಗೆ ಹುಲಿಗಳಂತೆ ಬಂದು, 'ಓ, ಹೆಂಗಸಾ' ಎಂದು ವಾರ್ಡು ತಪ್ಪಿದವರಂತೆ ನಟಿಸಿ ವಾಪಸು ಹೋಗುವುದನ್ನು ನಾನೇ ಮೂರು ಸಲ ನೋಡಿದ್ದೇನೆ.

"ನೀನೇನಾ ಆ ಕವಿ? ಗಟ್ಟಿಯಾಗಿ ಓದು."

ಓದಿದೆ. ಮೂಲ: ಇಲ್ಲ. ಮೂಲ: ಸದ್ಯಕ್ಕಿಲ್ಲ. ಮೂಲ: ಮುಂಚೆ ಇತ್ತು, ಆಪರೇಷನ್ ಆಗಿದೆ. ಮೂಲ: ಖಾರ ತಿಂದರೆ ಮಾತ್ರ.

"ಇವರ ಪೂರ್ವಿಕರು ಎಲ್ಲಿಂದ ಬಂದ್ರು ಅಂತ ನಾನು ಕೇಳಿದ್ರೆ, ಇವರು ಕೂರೋಕೆ ಆಗುತ್ತೋ ಇಲ್ವೋ ಅಂತ ಹೇಳ್ತಿದಾರೆ."

ಮೂಲವ್ಯಾಧಿ ಎಂಬುದೊಂದು ಲೋಕದಲ್ಲಿದೆ ಎನ್ನುವುದು ಐದು ವರ್ಷ ಸಾಹಿತ್ಯ ಓದಿದವನಿಗೆ ಹೊಳೆದಿರಲಿಲ್ಲ.

ಮನೆತನದ ಚರಿತ್ರೆ ಇನ್ನೂ ಸೊಗಸು. 'ಬಹಳ ಮರ್ಯಾದಸ್ಥ ಮನೆತನ. ಇದುವರೆಗೆ ಒಬ್ಬರೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಲ್ಲ.' 'ತಾತನವರು ಒಂದೇ ಕೈಯಲ್ಲಿ ಗಾಡಿ ಎತ್ತುತ್ತಿದ್ದರು.' ಒಬ್ಬರು ಜಾಗ ಸಾಲದೆ ಎರಡು ಹಾಳೆ ಪಿನ್ನು ಮಾಡಿದ್ದಾರೆ. ಅದರಲ್ಲಿ ಅವರ ಚಿಕ್ಕಪ್ಪನ ಮೋಸದ ವರ್ಣನೆ ಇದೆ, ಚೆನ್ನಾಗಿಯೇ ಬರೆದಿದ್ದಾರೆ.

ನೆಟ್ಟಗಿದ್ದದ್ದು ಒಂದೇ ಒಂದು. 'ಮೂಲ: ಆಫ್ರಿಕಾ, ಮುತ್ತಾತ ಹಡಗಿನಲ್ಲಿ ಬಂದವರು. ಅಪ್ಪ ಇದೇ ಕಾಯಿಲೆಯಿಂದ ಅರವತ್ತೊಂದಕ್ಕೆ ಹೋದರು. ಅಣ್ಣನಿಗೆ ಐವತ್ತಮೂರಕ್ಕೆ ಬಂತು, ಬೇಗ ಗೊತ್ತಾಯಿತು, ಚೆನ್ನಾಗಿದ್ದಾನೆ.'

"ಇದನ್ನ ಬರೆದಿರೋರು ನಮ್ಮ ಲಿಫ್ಟ್ ನಡೆಸೋರು. ಎಂ.ಎ. ಮಾಡಿಲ್ಲ" ಅಂದರು ಡಾಕ್ಟರಮ್ಮ. ಆಮೇಲೆ ಸ್ವಲ್ಪ ಮೆತ್ತಗಾಗಿ ವಿವರಿಸಿದರು. ಆಫ್ರಿಕಾ ಮೂಲದ ಗಂಡಸರಿಗೆ ಈ ಕಾಯಿಲೆ ಉಳಿದವರಿಗಿಂತ ಹೆಚ್ಚು, ಬರುವುದೂ ಬೇಗ. ಅಪ್ಪನಿಗೋ ಅಣ್ಣತಮ್ಮನಿಗೋ ಇದ್ದರೆ ಯಾವ ಜನಾಂಗದವನಿಗಾದರೂ ಅಪಾಯ ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ನಮ್ಮ ಜನರಲ್ಲಿ, ಲೆಕ್ಕಕ್ಕೆ ಸಿಕ್ಕಷ್ಟರ ಮಟ್ಟಿಗೆ, ಕಡಿಮೆ.

"ಕಡಿಮೆ ಅಂದ್ರೆ ಇಲ್ಲ ಅಂತಲ್ಲ. ತೋರಿಸ್ಕೊಳ್ಳೋರೂ ಕಡಿಮೆ, ಅದನ್ನೂ ನೆನಪಿಟ್ಕೋ."

ಫಾರಂ ತಿದ್ದಿದೆ. 'ನಿಮ್ಮ ಪೂರ್ವಿಕರು ಯಾವ ನಾಡಿನವರು?' 'ನಿಮ್ಮ ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿತ್ತೇ?' ಚರಿತ್ರೆಯನ್ನು ಬಿಟ್ಟುಕೊಟ್ಟೆ. ಮನೆತನವನ್ನು ಬಿಡಲು ಮನಸ್ಸಾಗಲಿಲ್ಲ.

ಮಾರ್ಚ್ 10, ಭಾನುವಾರ

ಅಪ್ಪನ ಟೈಲರ್ ಅಂಗಡಿಯಲ್ಲಿ ಕೂತಿದ್ದೆ. ಗೋಡೆಯ ಮೇಲೆ ಗಾಜು ಹಾಕಿಸಿದ ವಂಶವೃಕ್ಷ. ಏಳು ತಲೆಮಾರು, ಇಪ್ಪತ್ತಾರು ಗಂಡಸರು, ಒಬ್ಬ ಹೆಂಗಸೂ ಇಲ್ಲ. ಎಲ್ಲರೂ ಮಾವಿನಕಾಯಿಯಂತೆ ಕೊಂಬೆಯಲ್ಲೇ ಬಿಟ್ಟಿರಬೇಕು.

ಒಬ್ಬ ಗಿರಾಕಿಯ ಕೋಟಿಗೆ ಅಳತೆ ತೆಗೆಯುತ್ತಿದ್ದ ಅಪ್ಪ, ಟೇಪನ್ನು ಅವರ ಹೆಗಲ ಮೇಲೇ ಬಿಟ್ಟು ಹಿತ್ತಲಿಗೆ ಹೋದರು. ಬಂದರು, ಎದೆ ಅಳೆದರು, ಮತ್ತೆ ಹೋದರು. ಗಿರಾಕಿ ಎರಡು ಕೈ ಚಾಚಿ ಬೆದರುಬೊಂಬೆಯಂತೆ ನಿಂತೇ ಇದ್ದರು. ಮೂರನೆಯ ಸಲ ಹೋದಾಗ ನನ್ನ ಕಡೆ ತಿರುಗಿ, "ನಿಮ್ಮಪ್ಪ ಸೊಂಟದ ಅಳತೆ ಯಾವಾಗ ತಗೋತಾರೆ, ನಾಳೆ ಬರ್ಲಾ?" ಅಂದರು.

ಅಮ್ಮನಿಗೆ ಹೇಳಿದೆ. ಅವಳಿಗೆ ಎಲ್ಲ ಗೊತ್ತಿದೆ. "ಬಸ್ ಹತ್ತೋದೇ ಬಿಟ್ಟಿದಾರೆ. ನಡ್ಕೊಂಡು ಹೋದ್ರೆ ದಾರೀಲಿ ಮೂರು ಕಡೆ ಅನುಕೂಲ ಇದೆಯಂತೆ. ನೀನು ಹೇಳು, ಆಸ್ಪತ್ರೇಲಿ ಇರೋನು."

ಊಟದ ಹೊತ್ತಿಗೆ ಫಾರಂ ಮುಂದಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಮನೆತನದಲ್ಲಿ ಕ್ಯಾನ್ಸರ್: 'ಇಲ್ಲ'. ಅಕ್ಷರ ದುಂಡಗೆ, ಹೆಮ್ಮೆಯಿಂದ.

"ನಿಮ್ಮ ತಾತ ತೊಂಬತ್ತೊಂದರವರೆಗೆ ಸೂಜಿಗೆ ದಾರ ಪೋಣಿಸ್ತಿದ್ರು. ನಿಮ್ಮ ದೊಡ್ಡಪ್ಪನ್ನ ನೋಡು, ಅರವತ್ತಾರು, ಕಲ್ಲುಗುಂಡು. ನಮ್ಮ ವಂಶಕ್ಕೇ ಇಲ್ಲದ ಕಾಯಿಲೆ ನನಗ್ಯಾಕೆ ಬರುತ್ತೆ?"

ನಮ್ಮ ಜನರಲ್ಲಿ ಅದು ಹೇಗೂ ಕಡಿಮೆಯಂತೆ, ಆದರೂ ಒಂದು ರಕ್ತ ಪರೀಕ್ಷೆ ಅಂತ ನಾನು ಶುರು ಮಾಡಿದೆ. ಅಪ್ಪ ನನ್ನ ವಾಕ್ಯವನ್ನು ಅರ್ಧಕ್ಕೇ ಕತ್ತರಿಸಿ ಒಳ್ಳೆಯ ತುಂಡನ್ನು ಇಟ್ಟುಕೊಂಡರು. "ಕೇಳಿದ್ಯಾ?" ಎಂದು ಅಮ್ಮನಿಗೆ ಅಂದರು. "ನಮ್ಮ ಜನಕ್ಕೆ ಬರಲ್ವಂತೆ. ಡಾಕ್ಟರೇ ಹೇಳಿದಾರೆ."

ಮೂವತ್ತೈದು ವರ್ಷ ಊರಿನ ಗಂಡಸರ ಸೊಂಟ ಅಳೆದವರಿಗೆ, ತಮ್ಮ ಸೊಂಟದ ಕೆಳಗೆ ಏನೂ ಇಲ್ಲವೆಂಬ ನಂಬಿಕೆ. ಬರೆದುಕೊಂಡೆ. ಅವರಿಗೆ ಹೇಳಲಿಲ್ಲ.

ಮಾರ್ಚ್ 14, ಗುರುವಾರ

ಹೊಸ ಫಾರಂಗಳು ಬಂದವು, ಮೂವತ್ತಾರು. ಮನೆತನದಲ್ಲಿ ಕ್ಯಾನ್ಸರ್: ಇಲ್ಲ, ಇಲ್ಲ, ಇಲ್ಲ, ಇಲ್ಲ. ಇಷ್ಟು ಆರೋಗ್ಯವಂತ ಮನೆತನಗಳಿರುವ ಊರಿನಲ್ಲಿ ಇಷ್ಟು ದೊಡ್ಡ ಆಸ್ಪತ್ರೆ ಯಾಕೆ ಕಟ್ಟಿದರೋ. ಸೀಲು ಸಾರ್ ಒಂದೊಂದು 'ಇಲ್ಲ'ಕ್ಕೂ ಠಪ್ ಠಪ್ ಎಂದು ಮೊಹರು ಒತ್ತಿದರು.

ಮಧ್ಯಾಹ್ನ ಲಿಫ್ಟಿನಲ್ಲಿ ನಾನು, ಲಿಫ್ಟಣ್ಣ ಇಬ್ಬರೇ. ಹಳೆಯ ಫಾರಂ ರದ್ದಾದ್ದರಿಂದ ಅವರೂ ಹೊಸದನ್ನು ತುಂಬುತ್ತಿದ್ದರು, ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿಟ್ಟು.

"ಪಂಡಿತ್ರೇ, ಒಂದು ಡೌಟು. ನಮ್ಮಕ್ಕ ನಮ್ಮ ಮನೆತನಕ್ಕೆ ಸೇರ್ತಾಳಾ, ಇಲ್ಲ ನಮ್ಮ ಭಾವನ ಮನೆತನಕ್ಕಾ?"

"ಯಾಕಣ್ಣ?"

"ಅವಳಿಗೆ ಎದೇಲಿ ಕ್ಯಾನ್ಸರ್ ಆಗಿತ್ತು. ಬರೀಬೇಕೋ ಬೇಡ್ವೋ? ಕೊಟ್ಟ ಹೆಣ್ಣು ಅಂತ ಬಿಟ್ರೆ, ಮದುವೆ ದಿವಸ ಅವಳ ರಕ್ತ ಏನು ನಾವು ವಾಪಸ್ ಇಟ್ಕೊಂಡ್ವಾ?" ಎಂದು ನಕ್ಕರು. "ನಿಮ್ಮಲ್ಲಿ ಗೋಡೆ ಮೇಲೆ ವಂಶದ ಪಟ ಹಾಕ್ತೀರ. ನಮ್ಮನೇಲಿ ಫ್ರಿಜ್ ಮೇಲೆ ಲ್ಯಾಬ್ ರಿಪೋರ್ಟ್ ಅಂಟಿಸಿರ್ತೀವಿ. ನೋಡೋಕೆ ಚೆಂದ ಇಲ್ಲ, ಆದ್ರೆ ಜನ ಉಳಿದಿದಾರೆ."

ನಾಲ್ಕನೇ ಮಹಡಿ ಬಂತು. ನಾನು ಇಳಿಯಲಿಲ್ಲ. ಮತ್ತೆ ಕೆಳಗೆ ಹೋದೆವು. ದೊಡ್ಡತ್ತೆ ನೆನಪಾದರು. ಅಪ್ಪನ ಅಕ್ಕ. ಏಳು ವರ್ಷದ ಹಿಂದೆ ಎದೆಯ ಗಂಟಿನಿಂದಲೇ ತೀರಿಕೊಂಡವರು, ನಲವತ್ತೊಂಬತ್ತೋ ಐವತ್ತೋ ಪ್ರಾಯದಲ್ಲಿ ಮೊದಲ ಸಲ ಅದು ಬಂದಿತ್ತು. ಅಪ್ಪ ಸುಳ್ಳು ಬರೆದಿರಲಿಲ್ಲ. ನಾನು ಮನೆತನದ ಬಗ್ಗೆ ಕೇಳಿದ್ದೆ, ಅವರು ಮನೆತನದ ಬಗ್ಗೆ ಹೇಳಿದ್ದರು.

ಮಾರ್ಚ್ 15, ಶುಕ್ರವಾರ

ಡಾಕ್ಟರಮ್ಮನ ಕೋಣೆಗೆ ಹೋದೆ. ಅವರು ಕರೆಸಿರಲಿಲ್ಲ.

ಅಕ್ಕನಿಗೆ ಎದೆಯ ಕ್ಯಾನ್ಸರ್ ಇದ್ದರೆ ತಮ್ಮನ ಪ್ರಾಸ್ಟೇಟಿಗೆ ಅದರಿಂದ ಏನು ಅಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. ಕೆಲವು ಮನೆಗಳಲ್ಲಿ ಒಂದೇ ಜೀನಿನ ದೋಷ ಹೆಂಗಸರಿಗೆ ಎದೆಯಲ್ಲೋ ಅಂಡಾಶಯದಲ್ಲೋ ಬರುತ್ತದೆ, ಗಂಡಸರಿಗೆ ಪ್ರಾಸ್ಟೇಟಿನಲ್ಲಿ. ಗಂಡುಮಕ್ಕಳೂ ಅದನ್ನು ಪಡೆಯುತ್ತಾರೆ, ಮುಂದಕ್ಕೆ ಕೊಡುತ್ತಾರೆ.

"ಪದೇ ಪದೇ ಹೋಗೋದು ಬಹಳ ಸಲ ಬರೀ ವಯಸ್ಸಿನ ಊತ. ಅದಕ್ಕೆ ಹೆದರಬೇಡ. ಕ್ಯಾನ್ಸರ್ ಶುರುವಲ್ಲಿ ಸದ್ದೇ ಮಾಡಲ್ಲ. ಅದಕ್ಕೇ ನಾನು ಅಕ್ಕತಂಗೀರನ್ನ ಕೇಳೋದು." ಪೆನ್ನು ಮತ್ತೆ ಎತ್ತಿಕೊಂಡು, "ನಿನ್ನ ಫಾರಮ್ಮಲ್ಲಿ ಅಕ್ಕತಂಗೀರು ಎಲ್ಲಿದಾರೆ?" ಅಂದರು.

ಎಲ್ಲಿಯೂ ಇಲ್ಲ. ಮೂವತ್ತಾರು ಫಾರಂಗಳಲ್ಲಿ ಎಷ್ಟು 'ಇಲ್ಲ'ಗಳ ಹಿಂದೆ ಎಷ್ಟು ಅಕ್ಕಂದಿರಿದ್ದಾರೋ. ಮೊದಲ ತಪ್ಪಿಗೆ ಊರು ನಕ್ಕಿತು. ಇದಕ್ಕೆ ಯಾರೂ ನಗಲಿಲ್ಲ, ಯಾರಿಗೂ ಕಾಣಲೇ ಇಲ್ಲ.

ಸಂಜೆ ಮತ್ತೆ ತಿದ್ದಿದೆ. 'ನಿಮ್ಮ ತಾಯಿ, ತಂದೆ, ಅಕ್ಕ, ತಂಗಿ, ಅಣ್ಣ, ತಮ್ಮ (ಮದುವೆಯಾಗಿ ಹೋದವರೂ, ತೀರಿಕೊಂಡವರೂ ಸೇರಿ): ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ?' ಸೀಲು ಸಾರ್ ಓದಿ ಮುಖ ಸಿಂಡರಿಸಿದರು. "ಇದೇನ್ರೀ, ಕಿರಾಣಿ ಪಟ್ಟಿ ಇದ್ದಂಗಿದೆ. ಮೊದಲಿಂದು ಎಷ್ಟು ಗಂಭೀರವಾಗಿತ್ತು."

ಹೌದು ಸಾರ್, ಇದು ಪಟ್ಟಿಯೇ ಅಂದೆ. ಹಳೆಯ ಮೂವತ್ತಾರು ಜನಕ್ಕೂ ಮತ್ತೆ ಕಳಿಸಬೇಕು ಅಂತಲೂ ಅಂದೆ. ಮೊಹರು ಗಾಳಿಯಲ್ಲೇ ನಿಂತಿತು.

ಮಾರ್ಚ್ 17, ಭಾನುವಾರ

ದೊಡ್ಡತ್ತೆಯ ಮಗಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ಇಪ್ಪತ್ತು ಮಕ್ಕಳ ಗದ್ದಲದ ಮೇಲೆ ಮಾತಾಡಿ ಅಭ್ಯಾಸವಾಗಿ, ಎದುರಿಗೆ ಒಬ್ಬನೇ ಇದ್ದರೂ ಅದೇ ಗಂಟಲು. ಅವಳ ಮನೆಗೆ ಹೋದೆ.

"ಬಾರಪ್ಪ, ದಾರಿ ತಪ್ಪಿ ಬಂದ್ಯಾ? ಅಮ್ಮ ಹೋದ್ಮೇಲೆ ನಿಮ್ಮನೆಯವರಿಗೆ ಈ ಬೀದಿ ನಕ್ಷೇಲೇ ಇಲ್ಲ ಅಂದ್ಕೊಂಡಿದ್ದೆ."

ವಿಷಯ ಹೇಳಿದೆ. ಅವಳು ವ್ಯಾನು ತೊಳೆಯುವುದನ್ನು ನಿಲ್ಲಿಸಿದಳು.

"ಅಮ್ಮಂಗೆ ಜೀನ್ ಟೆಸ್ಟ್ ಮಾಡಿದ್ರು ಕಣೋ. ದೋಷ ಇತ್ತು. ಇಬ್ಬರು ಮಾವಂದಿರಿಗೂ ತಿಳಿಸಿ ಅಂತ ಆ ಆಸ್ಪತ್ರೆಯವರೇ ಕಾಗದ ಕೊಟ್ರು. ಅಮ್ಮ ಏಳೋಕಾಗದ ಸ್ಥಿತೀಲಿ ಸಹಿ ಹಾಕಿದ್ಲು. ನಾನೇ ಎರಡೂ ಮನೆಗೆ ಕೊಟ್ಟು ಬಂದೆ. ನಿಮ್ಮ ದೊಡ್ಡಪ್ಪ ಫೋನ್ ಮಾಡಿ, ಹೆಂಗಸರ ಕಾಯಿಲೆ ಕಾಗದ ನಮಗ್ಯಾಕೆ ಅಂದ್ರು. ನಿಮ್ಮಪ್ಪ ಅಷ್ಟೂ ಅನ್ನಲಿಲ್ಲ."

"ನೀನು?"

"ಮಾಡಿಸ್ದೆ. ನನಗಿಲ್ಲ. ಆವತ್ತು ಖುಷಿ ಹಂಚ್ಕೊಳ್ಳೋಕೂ ನಿಮ್ಮನೆಯವರು ಯಾರೂ ಬರಲಿಲ್ಲ."

ಬಕೆಟ್ ಎತ್ತಿಕೊಂಡು ವ್ಯಾನಿನ ಉಳಿದರ್ಧ ನಾನು ತೊಳೆದೆ. ಇಲ್ಲಿ ಬರೆಯಲು ಚಮತ್ಕಾರದ ಮಾತೊಂದೂ ಇಲ್ಲ.

ಮಾರ್ಚ್ 18, ಸೋಮವಾರ

ಕಾಗದ ಸಿಕ್ಕಿತು.

ಕೆಲಸಕ್ಕೆ ಹೋಗುವ ಮುಂಚೆ ಅಂಗಡಿಯ ಡ್ರಾಯರುಗಳನ್ನೆಲ್ಲ ಹುಡುಕಿದೆ. ಬಿಲ್ಲು, ಗುಂಡಿ, ಸವೆದ ಸೀಮೆಸುಣ್ಣ. ಕೊನೆಗೆ ಕಂಡದ್ದು ಕಣ್ಣೆದುರಿನ ಮೊಳೆಯಲ್ಲಿ. ಅಪ್ಪ ಬಟ್ಟೆ ಕತ್ತರಿಸುವಾಗ ಮೇಲಿಟ್ಟು ಗುರುತು ಹಾಕುವ ಕಾಗದದ ಅಚ್ಚುಗಳ ಗೊಂಚಲು. ತೋಳಿನದು, ಜೇಬಿನದು, ಅರ್ಧ ಕಾಲರಿನದು. ಕಾಲರಿನದು ಒಳ್ಳೆಯ ದಪ್ಪ ಕಾಗದ. ತಿರುಗಿಸಿದೆ. ಮೇಲೆ ಆಸ್ಪತ್ರೆಯ ಹೆಸರು. ಕತ್ತರಿ ತಿಂದು ಉಳಿದದ್ದು ಇಷ್ಟು: '...ಸಹೋದರರೂ ಅವರ ಮಕ್ಕಳೂ ತಪ್ಪದೆ ಪರೀ...' ಅದರ ಕೆಳಗೆ, ಕಾಲರಿನ ಚೂಪು ತುದಿಯಲ್ಲಿ, ದೊಡ್ಡತ್ತೆಯ ಸೊಟ್ಟ ಸಹಿಯ ಕೊನೆಯ ಎರಡಕ್ಷರ.

ಏಳು ವರ್ಷದಿಂದ ಊರಿನ ಅರ್ಧ ಗಂಡಸರ ಕುತ್ತಿಗೆಯ ಸುತ್ತ ಅತ್ತೆಯ ಕಾಗದ ತಿರುಗಿದೆ. ನನ್ನ ಅಂಗಿಗೂ. ಇದು ತಮಾಷೆ ಎಂದು ಗೊತ್ತು, ಇನ್ನೊಂದು ದಿನ ನಗುತ್ತೇನೆ.

ಅಪ್ಪ ಬಂದರು. ಅಚ್ಚನ್ನು ಕತ್ತರಿಸುವ ಮೇಜಿನ ಮೇಲೆ ಅಕ್ಷರ ಮೇಲಾಗಿ ಇಟ್ಟೆ.

"ಇದನ್ನ್ಯಾಕೆ ತೆಗೆದೆ? ಮೂಲೆ ಮಡಚುತ್ತೆ."

"ಓದಿ."

ಓದಿದರು. ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಓದಿದರು. "ಅಕ್ಕನ ಕಾಗದನಾ ಇದು? ಆಸ್ಪತ್ರೆಯವರ ಏನೋ ಲೆಕ್ಕ ಅಂದ್ಕೊಂಡೆ. ದಪ್ಪಗಿತ್ತು, ಅದಕ್ಕೇ..." ಕತ್ತರಿಯ ಕಡೆ ನೋಡಿದರು.

"ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಅಂತ ಬರೆದ್ರಲ್ಲ, ಅತ್ತೆ ಯಾರು ಹಾಗಾದ್ರೆ?" ಅಂದೆ.

ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತರು. "ನನಗೆ ಕಾಜ ಹಾಕೋದು ಕಲಿಸಿದ್ದೇ ಅವಳು. ಅಪ್ಪಂಗೆ ಅಷ್ಟು ತಾಳ್ಮೆ ಇರಲಿಲ್ಲ. ಹೆಣ್ಣುಮಗು ಅಂತ ಮಿಷನ್ ಮುಟ್ಟೋಕೆ ಬಿಡ್ತಿರಲಿಲ್ಲ, ಕೈಹೊಲಿಗೆ ಮಾತ್ರ." ಬೆರಳುಗಳು ಕಾಗದದ ಅಂಚನ್ನು, ಕತ್ತರಿ ಹೋದ ದಾರಿಯನ್ನು ತಡವುತ್ತಿದ್ದವು. ಆಮೇಲೆ, "ನಿಮ್ಮ ಡಾಕ್ಟರಮ್ಮ ಎಷ್ಟು ಗಂಟೆಗೆ ಬರ್ತಾರೆ?" ಅಂದರು.

ಮಾರ್ಚ್ 20, ಬುಧವಾರ

ರಕ್ತ ಕೊಟ್ಟರು. ಒಳಗಿನ ಪರೀಕ್ಷೆಗೆ ಮುಂಚೆ ಅಪ್ಪ ಪರದೆಯ ಆಚೆಯಿಂದ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಗಂಡಸು ಡಾಕ್ಟರು ಯಾರೂ ಇಲ್ವಾ ತಾಯಿ?"

"ಇದಾರೆ. ಅವರ ಬೆರಳು ನನಗಿಂತ ದಪ್ಪ. ಕರೀಲಾ?"

ಮಂಚ ಕಿರುಗುಟ್ಟಿತು. "ಬೇಡ ಬಿಡಿ."

ಮಾರ್ಚ್ 22, ಶುಕ್ರವಾರ

ರಕ್ತದ ಅಂಕಿ ಇರಬೇಕಾದ್ದಕ್ಕಿಂತ ಮೂರು ಪಟ್ಟು. ಸ್ಕ್ಯಾನ್, ಆಮೇಲೆ ತುಣುಕು ತೆಗೆದು ನೋಡುವುದು. ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ ಎಂದರು ಡಾಕ್ಟರಮ್ಮ. ಅಪ್ಪ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದರು.

ಏಪ್ರಿಲ್ 1, ಸೋಮವಾರ

ತುಣುಕು ತೆಗೆದರು. ಲಿಫ್ಟಣ್ಣ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೆಳಗಿಳಿಸುತ್ತ, "ಯಜಮಾನ್ರೇ, ನನ್ನ ಜನಕ್ಕೆ ಇದು ಜಾಸ್ತಿಯಂತೆ, ನಿಮ್ಮ ಜನಕ್ಕೆ ಕಮ್ಮಿಯಂತೆ. ಇಬ್ಬರೂ ಒಂದೇ ಲಿಫ್ಟಲ್ಲಿ ಇದೀವಿ ನೋಡಿ" ಅಂದರು. ಅಪ್ಪ ಎರಡು ವಾರದಲ್ಲಿ ಮೊದಲ ಸಲ ನಕ್ಕರು. ನಕ್ಕಾಗ ನೋವಾಯಿತೆಂದು ಬೈದರು.

ಲಿಫ್ಟಣ್ಣನ ಅಂಕಿ ಈ ವರ್ಷವೂ ಸರಿಯಾಗಿದೆ. ಅವರ ಅಂಗಿಯ ಕಾಲರು ಹರಿದಿದೆ, ಅಪ್ಪ ಹೊಸದು ಹಾಕಿಕೊಡುತ್ತಾರಂತೆ.

ಏಪ್ರಿಲ್ 12, ಶುಕ್ರವಾರ

ಕ್ಯಾನ್ಸರ್. ಗ್ರಂಥಿಯ ಒಳಗೇ ಇದೆ, ಹೊರಗೆ ಹರಡಿಲ್ಲ. ಮುಂದಿನ ತಿಂಗಳು ಆಪರೇಷನ್. ಹೊತ್ತಿಗೆ ಸರಿಯಾಗಿ ಬಂದಿದ್ದೀರಿ ಎಂದರು ಡಾಕ್ಟರಮ್ಮ. ಅಪ್ಪನ ಜೀನ್ ಪರೀಕ್ಷೆಯ ಫಲಿತಾಂಶವೂ ಬಂದಿದೆ, ಅತ್ತೆಗಿದ್ದ ದೋಷವೇ. ನನಗಿರುವ ಸಾಧ್ಯತೆ ಅರ್ಧಕ್ಕರ್ಧ. ನನ್ನ ರಕ್ತಕ್ಕೆ ಮಂಗಳವಾರ ಹೇಳಿದ್ದಾರೆ.

ಅಮ್ಮ ಅತ್ತಳು, ಆಮೇಲೆ ಅಡುಗೆ ಮಾಡಿದಳು. ಅತ್ತೆಯ ಮಗಳು ವ್ಯಾನಿನಲ್ಲೇ ಬಂದಳು, ಮಕ್ಕಳನ್ನೆಲ್ಲ ಇಳಿಸಿ. ಅಪ್ಪನಿಗೂ ಅವಳಿಗೂ ಏನು ಮಾತಾಯಿತೋ ಗೊತ್ತಿಲ್ಲ, ನಾನು ಹೊರಗೆ ಹೋದೆ. ಅವಳ ಗಂಟಲು ಮೊದಲ ಸಲ ಬೀದಿಗೆ ಕೇಳಿಸಲಿಲ್ಲ.

ಏಪ್ರಿಲ್ 14, ಭಾನುವಾರ

ಉಳಿದಿದ್ದವರು ದೊಡ್ಡಪ್ಪ. ಅವರಿಗೂ ಅವರ ಇಬ್ಬರು ಮಕ್ಕಳಿಗೂ ಪರೀಕ್ಷೆ ಆಗಬೇಕು. ಅಪ್ಪ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು, ದೊಡ್ಡಪ್ಪನ ಗಂಟಲಿಗೆ ಅದು ಬೇಕಾಗಿರಲಿಲ್ಲ.

"ಏನೋ ನೀನು, ಹೆಂಗಸರ ಹಾಗೆ ಆಸ್ಪತ್ರೆ ಆಸ್ಪತ್ರೆ ಅಂತ. ನಮ್ಮ ಮನೆತನದಲ್ಲಿ ಯಾರಿಗಿದೆ ಇದೆಲ್ಲ? ಒಬ್ಬರ ಹೆಸರು ಹೇಳು ನೋಡೋಣ."

ಅಪ್ಪ ಬಾಯಿ ತೆರೆದರು. ಅಣ್ಣನ ಎದುರು ಅರವತ್ತು ವರ್ಷದಿಂದ ಹೇಗೋ ಹಾಗೆಯೇ ಮುಚ್ಚಿದರು. ಫೋನು ಮೇಜಿನ ಮೇಲೆ ಗೊಣಗುತ್ತಲೇ ಇತ್ತು. ತಡವಾಗುತ್ತದೆ ಅನ್ನಿಸಿತು, ಎತ್ತಿಕೊಂಡೆ.

"ದೊಡ್ಡಪ್ಪ, ನಿಮ್ಮ ತಂಗಿಗಿತ್ತು. ಅವರು ನಿಮಗೆ ಕಾಗದ ಕಳಿಸಿದ್ದರು, ನೀವು ಹೆಂಗಸರ ಕಾಯಿಲೆ ಅಂದ್ರಿ. ಈಗ ನಿಮ್ಮ ತಮ್ಮನಿಗಿದೆ. ನಿಮಗಿದೆಯೋ ಇಲ್ವೋ ಯಾರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮಂಗಳವಾರ ಒಂಬತ್ತಕ್ಕೆ ಬನ್ನಿ, ಅಣ್ಣಂದಿರನ್ನೂ ಕರ್ಕೊಂಡು. ತಿಂಡಿ ತಿಂದೇ ಬನ್ನಿ, ಉಪವಾಸ ಬೇಕಿಲ್ಲ. ಲಿಫ್ಟಿನ ಹತ್ತಿರ ಇರ್ತೀನಿ, ನನಗೂ ಆವತ್ತೇ ಇದೆ."

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, "ಒಂಬತ್ತಕ್ಕಾ, ಒಂಬತ್ತೂವರೆಗಾ?" ಅಂದರು.

"ಒಂಬತ್ತಕ್ಕೆ."

ಫೋನಿಟ್ಟೆ. ಅಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

"ಯಾರದು ಮಾತಾಡಿದ್ದು?"

"ದೊಡ್ಡಪ್ಪ."

"ಅದು ಗೊತ್ತಾಯ್ತು. ಈ ಕಡೆಯಿಂದ ಯಾರು?"